ನಲವತ್ತು ದಾಟಿದವರಿಗೆ ನಡೆಯಲು ಹೇಳಿ, ಜಿಗಿಯಬೇಡಿ ಎನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ನಲವತ್ತು ದಾಟಿದವರು ಏನು ಮಾಡಬೇಕು, ಏನು ಮಾಡಬಾರದು ಎಂಬ ಬರಹ ಬಂದಿತ್ತು. ಮಾಡಬೇಕಾದ್ದರಲ್ಲಿ ಬೆಳಗಿನ ನಡಿಗೆ, ಬಿಸಿನೀರು, ಪ್ರಾಣಾಯಾಮ. ಮಾಡಬಾರದ್ದರಲ್ಲಿ ಭಾರ ಎತ್ತುವುದು, ಜೋರಾಗಿ ಓಡುವುದು, ಜಿಗಿಯುವುದು. ನಾನು ಕೆಲಸ ಮಾಡುವ ಸಹಕಾರಿ ಸಂಘದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಆ ಪುಟ ನಾಲ್ಕು ಕೈ ದಾಟಿತು. ಕೊನೆಯಲ್ಲಿ ಓದಿದವರು ನನಗಿಂತ ಎರಡು ವರ್ಷ ಚಿಕ್ಕವರು. "ನೋಡಿ, ನಾನು ಹೇಳ್ತಿದ್ದದ್ದೂ ಇದನ್ನೇ. ನಮ್ಮದೆಲ್ಲ ಮುಗೀತು" ಎಂದು ಪತ್ರಿಕೆ ಮಡಚಿಟ್ಟರು. ನಾಲ್ಕು ವರ್ಷದ ಹಿಂದೆ ಅವರು ನಮ್ಮೂರ ವಾಲಿಬಾಲ್ ತಂಡದ ಒಳ್ಳೆಯ ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಆಟಗಾರ, ಆಗಿದ್ದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನನಗೀಗ 46. ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ಒಂದೆಕರೆ ಅಡಿಕೆ ತೋಟ, ಹಗಲಿಡೀ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ. ಬಿ.ಕಾಂ. ಓದುವಾಗ ಕಾಲೇಜಿನ ವಾಲಿಬಾಲ್ ತಂಡದಲ್ಲಿ ಅಟ್ಯಾಕರ್ ಆಗಿದ್ದೆ. ಆಗ ಬೇಸಿಗೆ ಬಂತೆಂದರೆ ಸುತ್ತಲಿನ ಊರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ರಾತ್ರಿ ಎರಡು ಗಂಟೆಗೆ ಸೆಮಿಫೈನಲ್ ಆಡಿ, ಬೆಳಿಗ್ಗೆ ಮೊದಲ ಬಸ್ಸಿಗೆ ಮನೆಗೆ ಬಂದದ್ದಿದೆ. ಮದುವೆ, ಮಗಳು, ತೋಟ, ಅಪ್ಪನ ಕಾಯಿಲೆ ಎಂದು ಆಟ ಬಿಟ್ಟು ಹೋಯಿತು. ಹದಿನೈದು ವರ್ಷ ಚೆಂಡು ಮುಟ್ಟಿರಲಿಲ್ಲ.

ಮತ್ತೆ ಮುಟ್ಟಿಸಿದ್ದು 2023ರ ಸೆಪ್ಟೆಂಬರ್. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಪುರುಷರ ತಂಡ ದಕ್ಷಿಣ ಕೊರಿಯಾವನ್ನು ಐದು ಸೆಟ್‌ಗಳಲ್ಲಿ ಸೋಲಿಸಿತಲ್ಲ, ಅದನ್ನು ಒಂದು ಮೊಬೈಲ್‌ಗೆ ಆರು ತಲೆ ಬಗ್ಗಿಸಿ ನೋಡಿದೆವು. ಕರ್ನಾಟಕದ ಅಶ್ವಲ್ ರೈ ಆ ತಂಡದಲ್ಲಿದ್ದರು. ಮಾರನೇ ಸಂಜೆ ಶಾಲೆಯ ಮೈದಾನದ ಬಲೆ ಬಿಗಿದು ಕಟ್ಟಿದೆವು. ಬಲೆಯ ಎತ್ತರ ಅದೇ 2.43 ಮೀಟರ್. ಅದು ಬದಲಾಗಿರಲಿಲ್ಲ.

ಕೊಟ್ಟಿಗೆಯ ಗೋಡೆಗೆ ಸೀಮೆಸುಣ್ಣ ಹಚ್ಚಿದ ಬೆರಳಿನಿಂದ ಗುರುತು ಮಾಡಿ ಅಳೆದೆ. ನಿಂತು ಕೈ ಎತ್ತಿದರೆ 228 ಸೆಂಟಿಮೀಟರ್. ಜಿಗಿದರೆ 262. ಅಂದರೆ ಜಿಗಿತ 34 ಸೆಂಟಿಮೀಟರ್. ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು ಇದೇ ರೀತಿ ಅಳೆದಾಗ 62 ಬಂದಿತ್ತು. ಆ ಎರಡು ಗೆರೆಗಳ ನಡುವೆ ಖಾಲಿ ಇದ್ದ ಗೋಡೆಯನ್ನು ನೋಡಿ ನಿಜವಾಗಿಯೂ ದುಃಖವಾಯಿತು.

ಆಮೇಲೆ ನಾನು ಮಾಡಿದ ತಪ್ಪನ್ನು ನಿಮ್ಮ ಓದುಗರಿಗೆ ಬಿಡಿಸಿ ಹೇಳಬೇಕು. ನನ್ನ ವಯಸ್ಸಿನವರು ಹತ್ತರಲ್ಲಿ ಎಂಟು ಜನ ಇದನ್ನೇ ಮಾಡುತ್ತಾರೆಂದು ನನಗೆ ಅನ್ನಿಸುತ್ತದೆ. ಮೊಬೈಲ್‌ನಲ್ಲಿ ಒಬ್ಬ ಹುಡುಗ ದಿನಕ್ಕೆ ನೂರು ಜಿಗಿತ, ಮೂವತ್ತು ದಿನ ಎಂದು ತೋರಿಸುತ್ತಿದ್ದ. ಶುರು ಮಾಡಿಬಿಟ್ಟೆ. ಮೊದಲ ವಾರ ಮೈ ಹಗುರ, ಮನಸ್ಸು ಹಗುರ. ಎರಡನೇ ವಾರದ ಕೊನೆಗೆ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹತ್ತು ಹೆಜ್ಜೆ ಇಡಲು ಆಗುತ್ತಿರಲಿಲ್ಲ. ಬಲಗಾಲಿನ ಹಿಮ್ಮಡಿಯ ಮೇಲೆ, ಬೆರಳಿಂದ ಹಿಡಿದರೆ ಸಿಗುವ ಆ ಗಟ್ಟಿ ಹಗ್ಗ, ಎಡಗಾಲಿನದಕ್ಕಿಂತ ದಪ್ಪವಾಗಿತ್ತು. ಒತ್ತಿದರೆ ಕಣ್ಣಲ್ಲಿ ನೀರು. ನಮ್ಮ ಕಡೆ ಇಂಥದ್ದನ್ನೆಲ್ಲ "ನರ ಹಿಡಿದಿದೆ" ಎಂದು ಎಣ್ಣೆ ಹಚ್ಚಿ ನೀವಿಸುತ್ತಾರೆ. ಅದು ನರವಲ್ಲ, ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ಸ್ನಾಯುರಜ್ಜು. ನೀವಿದಷ್ಟೂ ನೋವು ಹೆಚ್ಚಾಯಿತು.

ತೋರಿಸಿದ ವೈದ್ಯರು ಮಾತ್ರೆ ಬರೆದುಕೊಟ್ಟು, "ಈ ವಯಸ್ಸಲ್ಲಿ ಇದೆಲ್ಲ ಯಾಕೆ ನಿಮಗೆ? ನಡೀರಿ ಸಾಕು" ಎಂದರು. ಮೂರು ವಾರ ಸುಮ್ಮನಿದ್ದೆ. ನೋವು ಹೋಯಿತು. ಒಂದು ಸಂಜೆ ಆಡಿದೆ, ಮಾರನೇ ಬೆಳಿಗ್ಗೆ ನೋವು ವಾಪಸ್ ಬಂದಿತ್ತು. ಮತ್ತೆ ವಿಶ್ರಾಂತಿ, ಮತ್ತೆ ಆಟ, ಮತ್ತೆ ನೋವು. ಹೀಗೆ ಮೂರು ಸಲ ಆದಮೇಲೆ ಗೆಳೆಯನೊಬ್ಬ ಒತ್ತಾಯ ಮಾಡಿ ಶಿವಮೊಗ್ಗದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದ.

ಆ ಮೇಡಂ ಕಾಲು ಮುಟ್ಟುವ ಮೊದಲು ಒಂದು ಕೆಲಸ ಹೇಳಿದರು. ಗೋಡೆಗೆ ಬೆರಳು ತಾಗಿಸಿ, ಒಂದೇ ಕಾಲಲ್ಲಿ ನಿಂತು, ತುದಿಗಾಲವರೆಗೆ ಏರಿ ಇಳಿಯಿರಿ, ಎಷ್ಟಾಗುತ್ತದೋ ಎಣಿಸೋಣ ಎಂದರು. ಎಡಗಾಲಲ್ಲಿ 14. ಬಲಗಾಲಲ್ಲಿ 6. "ಇಪ್ಪತ್ತೈದು ಆಗಬೇಕಿತ್ತು. ಆರು ಆಗುವ ಕಾಲಲ್ಲಿ ನೀವು ದಿನಕ್ಕೆ ನೂರು ಸಲ ಹಾರಿದ್ದೀರಿ. ತಪ್ಪು ವಯಸ್ಸಿನದಲ್ಲ" ಎಂದರು. ಆ ಕೊನೆಯ ವಾಕ್ಯ ಕೇಳಿದಾಗ ನನಗಾದ ಸಮಾಧಾನವನ್ನು ಈಗಲೂ ಮರೆತಿಲ್ಲ.

ಅವರು ಕೊಟ್ಟ ವ್ಯಾಯಾಮಕ್ಕೆ ಹಿಂದೆ ಒಂದು ಕಥೆ ಇದೆ. ಸ್ವೀಡನ್ನಿನ ಮೂಳೆ ಶಸ್ತ್ರವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಅವರಿಗೇ ಇದೇ ರಜ್ಜುವಿನ ನೋವಿತ್ತು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತಾ ಭಾರ ಹೊರಿಸಿದಾಗ ಅದು ವಾಸಿಯಾಗತೊಡಗಿತು. 1998ರಲ್ಲಿ ಹವ್ಯಾಸಿ ಆಟಗಾರರ ಮೇಲೆ ಇದನ್ನು ಪ್ರಯೋಗಿಸಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಎರಡು ಹೊತ್ತು. ಪ್ರತಿ ಹೊತ್ತಿಗೆ ಮಂಡಿ ನೇರವಿಟ್ಟು ಹದಿನೈದರಂತೆ ಮೂರು ಸುತ್ತು, ಮಂಡಿ ಬಗ್ಗಿಸಿ ಮತ್ತೆ ಮೂರು ಸುತ್ತು. ಒಟ್ಟು 180. ಹನ್ನೆರಡು ವಾರ. ನಾನು ಮಾಡಿದ್ದು ನಮ್ಮ ಮನೆಯ ಜಗುಲಿಯ ಮೆಟ್ಟಿಲ ಅಂಚಿನಲ್ಲಿ, ಕಂಬ ಹಿಡಿದುಕೊಂಡು. ಐದನೇ ವಾರದಿಂದ ಮಗಳ ಹಳೆಯ ಶಾಲಾಚೀಲದಲ್ಲಿ ಐದು ಕೆಜಿ ಅಕ್ಕಿ ಹಾಕಿ ಬೆನ್ನಿಗೆ ಏರಿಸಿಕೊಂಡೆ, ಆಮೇಲೆ ಹತ್ತು ಕೆಜಿ. ಮೂರು ತಿಂಗಳು ದಾಟುವ ಹೊತ್ತಿಗೆ ಬೆಳಗಿನ ಆ ಹತ್ತು ಹೆಜ್ಜೆಯ ನೋವು ಇರಲಿಲ್ಲ. ವಿಶ್ರಾಂತಿಯಿಂದ ಹೋಗದ ನೋವು ಲೆಕ್ಕವಿಟ್ಟು ಹೊರಿಸಿದ ಭಾರದಿಂದ ಹೋಯಿತು.

ಇಲ್ಲಿ ವಿಷಯವನ್ನು ಸ್ವಲ್ಪ ಬಿಡಿಸುತ್ತೇನೆ. ಮೂವತ್ತು ದಾಟಿದ ಮೇಲೆ, ಏನೂ ಮಾಡದೆ ಕೂತರೆ, ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ. ಅದರಲ್ಲೂ ಮೊದಲು ಸೊರಗುವುದು ವೇಗದ ಎಳೆಗಳು: ಜಾರಿದಾಗ ಥಟ್ಟನೆ ಕಾಲು ಮುಂದಿಟ್ಟು ಬೀಳದಂತೆ ತಡೆಯುವವು, ಬಲೆಯ ಮೇಲೆ ಏರಿಸುವವು. ಅವುಗಳಿಗೆ ಭಾರ ಬೇಕು, ವೇಗ ಬೇಕು. ಬರೀ ನಡಿಗೆ ಅವುಗಳನ್ನು ಕೆಲಸಕ್ಕೆ ಅಷ್ಟಾಗಿ ಕರೆಯುವುದಿಲ್ಲ. ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ನಾನೂ ನಡೆಯುತ್ತೇನೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆಯ ಜೊತೆಗೇ, ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂದೂ ಇದೆ. ನಿಮ್ಮ ಪುಟದಲ್ಲಿ ಮೊದಲರ್ಧ ಮಾತ್ರ ಬಂತು.

ಇನ್ನೊಂದು ಮಾತು. ಮಾಂಸಖಂಡ ಬೇಗ ಬಲಿಯುತ್ತದೆ, ರಜ್ಜು ನಿಧಾನ. ಎರಡು ತಿಂಗಳು ವ್ಯಾಯಾಮ ಮಾಡಿದವನಿಗೆ ತೊಡೆಯಲ್ಲಿ ಬಲ ಬಂದಿರುತ್ತದೆ, ಆ ಬಲವನ್ನು ತಡೆದುಕೊಳ್ಳುವ ಹಗ್ಗ ಇನ್ನೂ ಹಳೆಯದೇ ಇರುತ್ತದೆ. ಹಿಂದೊಮ್ಮೆ ಆಟಗಾರನಾಗಿದ್ದವನಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಚೆಂಡು ಮೇಲೆ ಬಂದಾಗ ಅವನ ಮನಸ್ಸು ಇಪ್ಪತ್ತರ ಹುಡುಗನ ಹಾಗೆ ಹಾರಲು ಹೇಳುತ್ತದೆ.

ಮಾರ್ಚ್ 2024ರಿಂದ ಪೇಟೆಯ ಒಂದು ಚಿಕ್ಕ ಜಿಮ್‌ಗೆ ವಾರಕ್ಕೆ ಎರಡು ದಿನ ಹೋಗತೊಡಗಿದೆ. ಖಾಲಿ ಬಾರ್‌ನಿಂದ ಶುರು, 20 ಕೆಜಿ. ಕೂತು ಏಳುವುದು, ನೆಲದಿಂದ ಎತ್ತುವುದು, ಒಂಟಿಕಾಲಿನ ಬಸ್ಕಿ, ಹಿಮ್ಮಡಿ ಏರಿಸುವುದು, ಇಷ್ಟೇ ನಾಲ್ಕು. ಬಸ್ಕಿ ಎಂಬ ಮಾತು ಬರೆಯುವಾಗ ಮನಸ್ಸಿಗೆ ಬೇಸರವಾಗುತ್ತದೆ. ನಮ್ಮ ಗರಡಿ ಮನೆಗಳಲ್ಲಿ ಪೈಲ್ವಾನರು ನೂರುಗಟ್ಟಲೆ ಹೊಡೆಯುತ್ತಿದ್ದ ಈ ವ್ಯಾಯಾಮವನ್ನು ಶಾಲೆಗಳಲ್ಲಿ ಶಿಕ್ಷೆ ಮಾಡಿಬಿಟ್ಟೆವು. ಮಗ್ಗಿ ತಪ್ಪಿದವನಿಗೆ ಐವತ್ತು ಬಸ್ಕಿ. ಒಂದಿಡೀ ತಲೆಮಾರಿಗೆ ಅದು ಅವಮಾನದ ನೆನಪಾಗಿ ಉಳಿಯಿತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇಂದಿಗೂ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿ ಚಪ್ಪಾಳೆ ಹೊಡೆಯುವ ನಾವು, ನಲವತ್ತೈದರ ಗುಮಾಸ್ತ ಭಾರ ಎತ್ತುತ್ತೇನೆ ಅಂದರೆ ಹೌಹಾರುತ್ತೇವೆ.

ಪ್ರತಿ ವಾರ ಒಂದೋ ಎರಡೋ ಕೆಜಿ ಹೆಚ್ಚು, ಅಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಾ ಬಂದೆ. ಲೆಕ್ಕ ಬರೆಯುವವನಿಗೆ ಇದು ಕಷ್ಟವಲ್ಲ. ನನ್ನ ತೂಕ 71. ಈಗ 90 ಕೆಜಿ ಹೆಗಲ ಮೇಲೆ ಹೊತ್ತು ಐದು ಸಲ ಕೂತು ಏಳುತ್ತೇನೆ. ಊಟದಲ್ಲಿ ಅನ್ನ ಒಂದು ಸೌಟು ಕಡಿಮೆ, ಹೆಸರುಕಾಳು, ಮೊಸರು, ಶೇಂಗಾ ಜಾಸ್ತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಪ್ರತಿ ಕೆಜಿ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ನನಗೆ ಹತ್ತಿರಹತ್ತಿರ 59 ಗ್ರಾಂ. ಮೊದಲು ನಾನು ಅದರ ಹತ್ತಿರವೂ ಇರಲಿಲ್ಲ.

ಏಳು ತಿಂಗಳು ಒಂದೂ ಜಿಗಿತ ಅಭ್ಯಾಸ ಮಾಡಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಅದೇ ಕೊಟ್ಟಿಗೆ ಗೋಡೆಯಲ್ಲಿ ಅಳೆದರೆ 40. ಜಿಗಿಯದೆಯೇ ಆರು ಸೆಂಟಿಮೀಟರ್ ಏರಿತ್ತು!

ಆಮೇಲೂ ಮೇಡಂ ನನಗೆ ಹಾರಲು ಹೇಳಲಿಲ್ಲ. ಇಳಿಯಲು ಕಲಿಸಿದರು. ಮಳೆ ನಿಂತಿತ್ತು, ಅಡಿಕೆ ಒಣಗಿಸಲು ಅಂಗಳ ಕೆತ್ತಿ ಸಗಣಿ ಸಾರಿಸಿದ್ದೆವು. ಜಗುಲಿಯ ಕೆಳಗಿನ ಮೆಟ್ಟಿಲಿಂದ, ಒಂದೂವರೆ ಗೇಣು ಎತ್ತರ, ಅಂಗಳಕ್ಕೆ ಕಾಲಿಡುವುದು. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಬೇಕು, ಪಾದದ ಮುಂಭಾಗ ಮೊದಲು, ಮಂಡಿ ಒಳಕ್ಕೆ ವಾಲಬಾರದು, ಸೊಂಟ ಹಿಂದಕ್ಕೆ ಕೂರಬೇಕು, ಇಳಿದಲ್ಲೇ ಎರಡು ಎಣಿಸುವವರೆಗೆ ಅಲುಗದೆ ನಿಲ್ಲಬೇಕು. ಮುಖ್ಯವಾಗಿ ಸದ್ದಾಗಬಾರದು. ಅಮ್ಮ ಜಗುಲಿಯ ಮೂಲೆಯಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಾ ಕೂತಿರುತ್ತಿದ್ದಳು. ಅವಳ ಬೆನ್ನು ನನ್ನ ಕಡೆಗೆ. ಮೊದಲ ದಿನ ನಾನು ಇಳಿದಾಗ "ಏನು ಬಿತ್ತೋ?" ಎಂದು ತಿರುಗಿ ನೋಡಿದಳು. ಅಂದಿನಿಂದ ಅವಳೇ ನನ್ನ ಪರೀಕ್ಷಕಿ. ಇಳಿದ ಮೇಲೆ, ತಿರುಗದೆಯೇ, "ಕೇಳ್ತು", "ಸ್ವಲ್ಪ ಕೇಳ್ತು" ಎನ್ನುತ್ತಿದ್ದಳು. ಮೂರನೇ ವಾರದ ಒಂದು ಸಂಜೆ ನಾನು ಇಳಿದು ನಿಂತಿದ್ದೇನೆ, ಅವಳು ಸುಲಿಯುತ್ತಲೇ ಇದ್ದಾಳೆ. ಸ್ವಲ್ಪ ಹೊತ್ತಾದ ಮೇಲೆ, "ಹಾರೋದಾದ್ರೆ ಹಾರೋ ಮಾರಾಯ, ಕತ್ತಲಾಯ್ತು" ಎಂದಳು.

ಆಮೇಲೆ ಜಿಗಿತ. ಮಂಡಿ ಬಗ್ಗಿಸಿ ಕುಗ್ಗಿ, ಆ ಕ್ಷಣದಲ್ಲೇ ಚಿಮ್ಮಿದರೆ ರಜ್ಜು ಕ್ಯಾಟರ್‌ಬಿಲ್ಲಿನ ರಬ್ಬರಿನ ಹಾಗೆ ಎಳೆದುಕೊಂಡ ಶಕ್ತಿಯನ್ನು ವಾಪಸ್ ಕೊಡುತ್ತದೆ. ಕುಗ್ಗಿ ಹಾಗೇ ನಿಂತುಬಿಟ್ಟರೆ ಆ ಶಕ್ತಿ ಸೋರಿಹೋಗುತ್ತದೆ. 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್ಸ್ಕಿ ಎತ್ತರದಿಂದ ಇಳಿದು ತಕ್ಷಣ ಚಿಮ್ಮುವ ಅಭ್ಯಾಸವನ್ನು ಈ ಆಧಾರದ ಮೇಲೆ ಬೆಳೆಸಿದರು. ಆದರೆ ಅದು ಬಲ ಕಟ್ಟಿಕೊಂಡ ಆಟಗಾರರಿಗೆಂದು ಮಾಡಿದ್ದು. ಇಂದು ಮೊಬೈಲ್‌ನಲ್ಲಿ ಮೊದಲ ದಿನವೇ ಅದನ್ನು ಮಾಡಿಸುತ್ತಾರೆ. ತರಬೇತಿಯ ಪುಸ್ತಕಗಳಲ್ಲಿ ಪಾದ ನೆಲ ಮುಟ್ಟುವುದನ್ನು ಲೆಕ್ಕ ಇಡುತ್ತಾರೆ: ಹೊಸಬರಿಗೆ ಒಂದು ದಿನಕ್ಕೆ 80ರಿಂದ 100, ನಡುವೆ ಎರಡು ಮೂರು ದಿನ ಬಿಡುವು. ನಾನು 40ರಿಂದ ಶುರು ಮಾಡಿದೆ, ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಮಾರನೇ ಬೆಳಿಗ್ಗೆ ಹಿಮ್ಮಡಿ ಬಿಗಿಯಾಗಿದ್ದರೆ ಮುಂದಿನ ಸಲ ಅರ್ಧ. ಈಗ ಗೋಡೆಯ ಗುರುತು 47ಕ್ಕೆ ಬಂದಿದೆ. 62 ಮತ್ತೆ ಬರಲಾರದು. ಆದರೆ ಬೇಸಿಗೆಯಲ್ಲಿ ಪಕ್ಕದೂರಿನ ಹುಡುಗರ ಮೇಲೆ ಆಡುವಾಗ ಬ್ಲಾಕ್‌ಗೆ ಹಾರಿದ ನನ್ನ ಎರಡೂ ಅಂಗೈ ಬಲೆಯ ಮೇಲಿದ್ದವು, ಚೆಂಡು ಅವುಗಳಿಗೆ ಬಡಿದು ಅವರ ಅಂಕಣದಲ್ಲೇ ಬಿತ್ತು. ಆ ಬಡಿತದ ಉರಿ ಅಂಗೈಯಲ್ಲಿ ರಾತ್ರಿಯವರೆಗೂ ಇತ್ತು.

ಇದು ಆಟಗಾರ ಗಂಡಸರ ಮಾತು ಮಾತ್ರ ಎಂದು ಯಾರೂ ತಿಳಿಯಬಾರದು. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ಸವೆದ ನೂರೊಂದು ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆಯಿತು, 2018ರಲ್ಲಿ ಪ್ರಕಟವಾಯಿತು. 58 ದಾಟಿದವರು. ಒಂದು ಗುಂಪು ಎಂಟು ತಿಂಗಳು, ವಾರಕ್ಕೆ ಎರಡು ಸಲ, ಅರ್ಧ ಗಂಟೆ, ತರಬೇತುದಾರರ ಕಣ್ಣೆದುರು ಭಾರವಾದ ಬಾರ್ ಎತ್ತಿತು, ಕಂಬಿಗೆ ಹಾರಿ ಹಿಡಿದು ನೆಲಕ್ಕೆ ಇಳಿಯಿತು. ಅವರ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇಕಡ 3ರಷ್ಟು ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿಕೊಂಡವರದು ಇಳಿಯಿತು. ಇನ್ನೂ ಹಿಂದೆ, 1990ರಲ್ಲಿ, ಬೋಸ್ಟನ್ನಿನ ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದಾಗ ಅವರ ಕಾಲಿನ ಬಲ ಸರಾಸರಿ ಶೇಕಡ 174 ಹೆಚ್ಚಿತು. ತೊಂಬತ್ತರಲ್ಲಿ! ಇದನ್ನು ಓದಿ ಅಮ್ಮನಿಗೆ ಹೇಳಿದೆ. 72 ಅವಳಿಗೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಅರ್ಧ ನಿಮಿಷಕ್ಕೆ ಮೊದಲು 6 ಆಗುತ್ತಿತ್ತು, ಈಗ 11. ಸಗಣಿ ಬುಟ್ಟಿ ಎತ್ತಲು ಈಗ ಯಾರನ್ನೂ ಕರೆಯುವುದಿಲ್ಲ.

ಬಿ.ಪಿ., ಹೃದಯದ ತೊಂದರೆ, ಮಂಡಿ ಸವೆತ ಇರುವವರು ಕೇಳಿಯೇ ಶುರು ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥವರಿಗೂ "ಬೇಡ" ಎನ್ನುವುದು ಬೇರೆ, "ಇಷ್ಟರಿಂದ ಶುರು ಮಾಡಿ" ಎನ್ನುವುದು ಬೇರೆ.

ಈಗ ನನ್ನ ಎರಡು ಕೋರಿಕೆ. ಒಂದು ತಮ್ಮಲ್ಲಿ. ಆರೋಗ್ಯ ಪುಟದಲ್ಲಿ ಒಮ್ಮೆ, ಕ್ರೀಡಾ ಫಿಸಿಯೋಥೆರಪಿಸ್ಟ್ ಒಬ್ಬರಿಂದ, ಚಿತ್ರ ಹಾಕಿ, ಹಿಮ್ಮಡಿ ಏರಿಸುವುದು, ಬಸ್ಕಿ, ಸದ್ದಿಲ್ಲದೆ ಇಳಿಯುವುದು ಇಷ್ಟನ್ನಾದರೂ ಬರೆಸಿ. ನಮ್ಮ ಹಳ್ಳಿಗಳಲ್ಲಿ ಫಿಸಿಯೋಥೆರಪಿಸ್ಟ್ ಇಲ್ಲ, ನಿಮ್ಮ ಪತ್ರಿಕೆ ಬರುತ್ತದೆ.

ಇನ್ನೊಂದು ನಮ್ಮ ಪಂಚಾಯಿತಿಗಳಲ್ಲಿ, ಕ್ರೀಡೆಗೆ ಹಣ ಬಿಡುಗಡೆ ಮಾಡುವ ಎಲ್ಲರಲ್ಲಿ. ನಮ್ಮ ಶಾಲೆಯ ಮೈದಾನದ ವಾಲಿಬಾಲ್ ಅಂಕಣಕ್ಕೆ ಕಾಂಕ್ರೀಟ್ ಹಾಕಲು ಅಂದಾಜುಪಟ್ಟಿ ಆಗಿದೆಯಂತೆ. 18 ಮೀಟರ್ ಉದ್ದ, 9 ಮೀಟರ್ ಅಗಲದ ಆ ಕೆಮ್ಮಣ್ಣು ನಮ್ಮ ಮಂಡಿಗಳನ್ನು ಮೂವತ್ತು ವರ್ಷ ಕಾಪಾಡಿದೆ. ಪ್ರತಿ ಜಿಗಿತದ ಇಳಿತದಲ್ಲಿ ದೇಹತೂಕದ ಹಲವು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಕಾಂಕ್ರೀಟ್ ಅದರಲ್ಲಿ ಏನನ್ನೂ ಹೀರಿಕೊಳ್ಳುವುದಿಲ್ಲ. ಡೈವ್ ಹೊಡೆದ ಹುಡುಗಿಯ ಮೊಣಕೈ ಗತಿ ಏನು? ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟಿದರೆ? ನಾವು ಹದಿನೇಳು ಜನ ಸಹಿ ಹಾಕಿ ಮನವಿ ಕೊಟ್ಟು ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಅದೇ ಹಣದಲ್ಲಿ ಮಣ್ಣು ಹದ ಮಾಡಿ, ನೀರು ಹರಿಯಲು ಸುತ್ತ ಚರಂಡಿ ತೆಗೆದು, ಉಳಿದದ್ದರಲ್ಲಿ ಶಾಲೆಯ ಒಂದು ಕೋಣೆಯಲ್ಲಿ ಒಂದು ಬಾರ್, ನೂರು ಕೆಜಿ ಪ್ಲೇಟ್ ಇಡಬಹುದು. ಪಾರ್ಕುಗಳಲ್ಲಿ ಹಾಕುವ ತೆರೆದ ಜಿಮ್‌ನ ಯಂತ್ರಗಳಲ್ಲಿ ನಾನು ನೋಡಿದಷ್ಟೂ ಭಾರ ಹೆಚ್ಚಿಸಲು ದಾರಿ ಇಲ್ಲ. ಭಾರ ಹೆಚ್ಚದಿದ್ದರೆ ಬಲ ಹೆಚ್ಚುವುದಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಾವೇ ಎರಡು ಟ್ರ್ಯಾಕ್ಟರ್ ಕೆಮ್ಮಣ್ಣು ತಂದು ಅಂಕಣಕ್ಕೆ ಹರಡುತ್ತಿದ್ದೇವೆ. ರೋಲರ್ ಇಲ್ಲ, ದಿಮ್ಮಸು ಹೊಡೆಯುತ್ತೇವೆ. ಅಂದಾಜುಪಟ್ಟಿ ಮಾಡಿದ ಎಂಜಿನಿಯರ್ ಬಂದು ಆ ಮಣ್ಣಿನ ಮೇಲೆ ಒಮ್ಮೆ, ಪಕ್ಕದ ಶಾಲೆಯ ಸಿಮೆಂಟ್ ಜಗಲಿಯ ಮೇಲೆ ಒಮ್ಮೆ ಹಾರಿ ಇಳಿದು ನೋಡಲಿ ಎಂದು ಕೈಮುಗಿದು ಕೇಳುತ್ತೇನೆ. ನಮ್ಮ ಲಿಫ್ಟರ್ ಕೂಡ ಸನಿಕೆ ತರುತ್ತೇನೆ ಎಂದಿದ್ದಾರೆ.

ಇತಿ ತಮ್ಮ ಓದುಗ,
ಸಹಕಾರಿ ಸಂಘದ ನೌಕರ,
ಶಿವಮೊಗ್ಗ ಜಿಲ್ಲೆ